ಇಸ್ಪೀಟು ಫೋನಿಗೆ ಬಂದ ವರ್ಷಗಳ ಲೆಕ್ಕ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಇಸ್ಪೀಟು ಹೊಸದಲ್ಲ. ತೋಪಿನಲ್ಲಿ ಅಂದರ್-ಬಾಹರ್, ಪೊಲೀಸರ ದಾಳಿ, ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು: ಇದು ನಮಗೆ ಗೊತ್ತಿರುವ ಜೂಜು. ಅದೇ ಎಲೆ ಪೋಕರ್ ಆಗಿ ಫೋನಿನೊಳಗೆ ಬಂದಾಗ ಮಾತ್ರ ನಾವು ಎಚ್ಚೆತ್ತುಕೊಳ್ಳಲಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆ ಆಟಗಳನ್ನು ಆಡಿಸಿದ ಕಂಪನಿಗಳು ಯಾರಿಗೆ ಯಾಕೆ ಬಹುಮಾನ ಹಂಚಿದವು ಎಂಬ ಲೆಕ್ಕವನ್ನು ಈಗಲಾದರೂ ನೋಡಬೇಕು.

ಪೋಕರ್‌ನಲ್ಲಿ ಕಂಪನಿ ಆಡುವುದಿಲ್ಲ, ಆಡಿಸುತ್ತದೆ. ಒಟ್ಟು ಪಣದಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದರಷ್ಟು ಮುರಿದುಕೊಳ್ಳುತ್ತದೆ, ಅದೇ ರೇಕ್. ಸಮಬಲದ ಇಬ್ಬರು ತಲಾ ₹1,000 ಹಿಡಿದು, ಪ್ರತಿ ಆಟಕ್ಕೆ ತಲಾ ₹100 ಇಡುತ್ತ ಹೋದರೆ, ಇನ್ನೂರು ಆಟದ ಹೊತ್ತಿಗೆ ಹೆಚ್ಚುಕಡಿಮೆ ಆ ಎರಡು ಸಾವಿರವೂ ಕಂಪನಿಯದೇ. ಬಹುಮಾನ ಹುಟ್ಟುವುದು ಈ ಮುರಿದ ದುಡ್ಡಿನಿಂದ. ಹೊಸಬನಿಗೆ ತೋರಿಸುವ ಬೋನಸ್ ಅವನು ರೇಕ್ ಕಟ್ಟಿದಂತೆಲ್ಲ ಕಂತುಕಂತಾಗಿ ಬಿಡುಗಡೆಯಾಗುತ್ತದೆ. ಏಕಕಾಲಕ್ಕೆ ಹಲವು ಟೇಬಲ್ ಆಡುವ ವೃತ್ತಿಪರನಿಗೆ ಅಂಕ, ಮೇಲಿನ ದರ್ಜೆ, ರೇಕಿನ ಒಂದು ಪಾಲು ವಾಪಸು. ಪೋಕರ್‌ಸ್ಟಾರ್ಸ್ ಎಂಬ ಆನ್‌ಲೈನ್ ಪೋಕರ್ ಕಂಪನಿಯ ಅತ್ಯುನ್ನತ ದರ್ಜೆಗೆ ವರ್ಷಕ್ಕೆ ಹತ್ತು ಲಕ್ಷ ಅಂಕ ಬೇಕಿತ್ತು. ಕಂಪನಿ ಅದನ್ನು ಕೈಬಿಡುವುದಾಗಿ ಹೇಳಿದಾಗ 2015ರ ಡಿಸೆಂಬರ್‌ನಲ್ಲಿ ವೃತ್ತಿಪರರು ಆಟ ಬಿಟ್ಟು ಪ್ರತಿಭಟಿಸಿದರು. ಆದರೂ ಕಂಪನಿ ಅಪರೂಪಕ್ಕೆ ಆಡುವವರತ್ತಲೇ ಹೊರಳಿತು. ಕಾರಣ ಸರಳ: ಸೋಲುವವನು ಮತ್ತೆ ಬಾರದಿದ್ದರೆ ಗೆಲ್ಲುವವನಿಗೂ ಆಟವಿಲ್ಲ, ಕಂಪನಿಗೂ ರೇಕಿಲ್ಲ.

ಈ ಸೀಮೆಯಲ್ಲಿ ದುಡ್ಡು ತಿಂಗಳು ತಿಂಗಳು ಬರುವುದಲ್ಲ. ಶೇಂಗಾ ಮಾರಿದಾಗ ಬರುತ್ತದೆ; ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವರಿಗೆ ವರ್ಷದ ಗುತ್ತಿಗೆಯಾಗಿ ಬರುತ್ತದೆ. ಇಡಿಗಂಟು ಖಾತೆಯಲ್ಲಿದ್ದು, ಅದೇ ಖಾತೆ ಫೋನಿನಲ್ಲಿದ್ದರೆ, ಅಂಥವನೇ ಈ ಕಂಪನಿಗಳಿಗೆ ಬೇಕಾಗಿದ್ದ ಆಟಗಾರ.

ಇಂಥ ಆಟಗಳನ್ನು ನಿಷೇಧಿಸಿದ್ದ ರಾಜ್ಯದ 2021ರ ಕಾನೂನು ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತು. ಕೌಶಲದ ಆಟಕ್ಕೆ ರಕ್ಷಣೆ ಇದೆ ಎಂಬುದು ಅದರ ನೆಲೆ. ಪೋಕರ್‌ಗೆ ಕೌಶಲ ಬೇಕು, ನಿಜ. ಅದು ಫಲ ಕೊಡುವುದು ಎದುರಿಗಿರುವವನ ಕೌಶಲ ಕಡಿಮೆಯಿದ್ದಾಗ. 2023ರ ಅಕ್ಟೋಬರ್‌ನಲ್ಲಿ ಕಟ್ಟಿದ ಹಣದ ಮೇಲೆ ಶೇ 28 ಜಿಎಸ್‌ಟಿ ಬಂತು. ಕೆಲವು ಕಂಪನಿಗಳು ಅದನ್ನೂ ಬೋನಸ್ಸಾಗಿ ತುಂಬಿಕೊಟ್ಟು ಆಡಿಸಿದವು.

ಹೊಸ ಕಾಯ್ದೆ ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ ಹೇಳುತ್ತದೆ, ಆಡಿದವನನ್ನು ಶಿಕ್ಷಿಸುವುದಿಲ್ಲ. ಅದು ಸರಿ. ಆದರೆ ಚಟ ಹತ್ತಿದವನ ಕೈ ಹಿಡಿಯುವವರು ಯಾರು? ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ನಾಲ್ಕೂ ತಾಲ್ಲೂಕಿನ ಆಸ್ಪತ್ರೆ, ಬಸ್ ನಿಲ್ದಾಣ, ಕಾಲೇಜುಗಳ ಗೋಡೆ ಮೇಲೆ ಆ ಸಂಖ್ಯೆ ದೊಡ್ಡದಾಗಿ ಬರೆಸಲಿ.