ಅತ್ತೆಯ ಆರೈಕೆ ಯಾರ ಹೊಣೆ?

ಅತ್ತೆ-ಸೊಸೆ ಜಗಳವೆಂದರೆ ಸಂಘದ ಸಭೆಗಳಲ್ಲೂ ನಗುತ್ತಾರೆ. ನನಗೆ ಅದರಲ್ಲಿ ನಗುವಂಥದ್ದು ಕಾಣುವುದಿಲ್ಲ. ಹಾಸಿಗೆ ಹಿಡಿದ ಅತ್ತೆಯ ಮಲಮೂತ್ರ ಬಳಿಯುವವಳು ಸೊಸೆ. ವರದಕ್ಷಿಣೆ ಸಾಲದೆಂದು ಅದೇ ಮನೆಯಲ್ಲಿ ಏಟು ತಿಂದವಳೂ ಎಷ್ಟೋ ಸಲ ಅವಳೇ. ಮಗ ಸಂಜೆ ಬಂದು "ಅವ್ವ ಉಂಡಳಾ?" ಎಂದರೆ ಅವನ ಕರ್ತವ್ಯ ಮುಗಿಯಿತು.

ಕಾನೂನು ಹೀಗೆ ಹೇಳುವುದಿಲ್ಲ. ತಂದೆ-ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಲ್ಲಿ 'ಮಕ್ಕಳು' ಎಂದರೆ ಮಗ, ಮಗಳು, ವಯಸ್ಕ ಮೊಮ್ಮಕ್ಕಳು. ಸೊಸೆಯ ಹೆಸರಿಲ್ಲ. ಅನ್ನ ಹಾಕದ ಮಗನ ಮೇಲೆ ತಾಯಿ ಉಪವಿಭಾಗಾಧಿಕಾರಿಯ ಮುಂದೆ ಜೀವನಾಂಶಕ್ಕೆ ಅರ್ಜಿ ಹಾಕಬಹುದು. ನೋಡಿಕೊಳ್ಳುತ್ತೇನೆಂದು ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ದಾನಪತ್ರವನ್ನೇ ರದ್ದು ಮಾಡಿಸಬಹುದು. ಆ ಷರತ್ತನ್ನು ಪತ್ರದಲ್ಲೇ ಬರೆಸಿರಬೇಕು, ಮರೆಯಬೇಡಿ.

ಇದೇ ಕಾಯ್ದೆ ಹಿಡಿದು ಸೊಸೆಯನ್ನು ಮನೆಯಿಂದ ಹೊರಹಾಕಲು ಹೊರಟವರೂ ಇದ್ದಾರೆ. ಬೆಂಗಳೂರಿನ ಅಂಥ ಪ್ರಕರಣವೊಂದರಲ್ಲಿ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಕೊಟ್ಟ ವಾಸದ ಹಕ್ಕನ್ನು ಹೀಗೆ ಸಲೀಸಾಗಿ ಅಳಿಸುವಂತಿಲ್ಲ ಎಂದಿತು. ಮಗನಿಂದ ಹೊಡೆತ ತಿನ್ನುವ ತಾಯಿಗೂ ಆ 2005ರ ಕಾಯ್ದೆಯೇ ಆಸರೆ. ಅತ್ತೆ, ಸೊಸೆ ಇಬ್ಬರೂ ಒಂದೇ ಬಾಗಿಲು ತಟ್ಟಬಹುದು.

ಆದರೆ ಕಾನೂನು ಹಣ ಕೊಡಿಸೀತು. ನಡುರಾತ್ರಿ ಮಗ್ಗುಲು ಬದಲಿಸುವ ಕೈ ಕೊಡಿಸದು. ಬಡ ವೃದ್ಧರ ಪಿಂಚಣಿಯಲ್ಲಿ ಕೇಂದ್ರದ ಪಾಲು 79 ವಯಸ್ಸಿನವರೆಗೆ ತಿಂಗಳಿಗೆ 200 ರೂಪಾಯಿ. ಇದರಲ್ಲಿ ಯಾವ ಆರೈಕೆ? ಮಗುವಿಗೆ ಅಂಗನವಾಡಿ ಇದ್ದಂತೆ ಮುದುಕರ ಮನೆಗೆ ಬರುವ ತರಬೇತಾದ ಕೈಗಳನ್ನು ಪಂಚಾಯತಿಯಲ್ಲಿ ಕೇಳೋಣ. ಅದನ್ನೂ 'ಗೌರವಧನ'ವೆಂದು ಹೆಂಗಸರ ತಲೆಗೇ ಕಟ್ಟುವುದು ಬೇಡ, ಸಂಬಳವನ್ನೇ ಕೊಡಲಿ.