ಚರ್ಚ್ ಸೇವೆಗೆ ಯುವಜನ: ಕರೆಯುವವರು ಹಲವರು, ಕಾಯುವವರು ಕೆಲವರು

ತಿರುವನಂತಪುರ: ಉಳ್ಳೂರಿಗೆ ಹೆಚ್ಚು ದೂರವಲ್ಲದ ಕಣ್ಣಮ್ಮೂಲ, ಚಟ್ಟಂಬಿ ಸ್ವಾಮಿಗಳ ಹುಟ್ಟೂರೆಂದು ಮಲಯಾಳಿಗಳಿಗೆ ಪರಿಚಿತ. 1943ರಲ್ಲಿ ಆರಂಭವಾದ ಕೇರಳ ಯುನೈಟೆಡ್ ಥಿಯೋಲಾಜಿಕಲ್ ಸೆಮಿನರಿ ಇರುವುದೂ ಅಲ್ಲಿಯೇ. ಸಭಾಪಾಲಕರಾಗಲು ಹೊರಟ ಯುವಕ ಯುವತಿಯರು ಇಲ್ಲಿ ಸೆರಾಂಪುರದ ಬಿ.ಡಿ. ಪದವಿಗೆ ಓದುತ್ತಾರೆ. ಇಂತಹ ಸಂಸ್ಥೆಗಳಿಗೆ ನಾಳೆ ಯಾರು ಬರುತ್ತಾರೆ ಎಂಬ ಪ್ರಶ್ನೆ ಇಂದು ಕೇರಳದ ಚರ್ಚ್ ವಲಯದಲ್ಲಿ ಗಂಭೀರವಾಗಿ ಚರ್ಚೆಯಾಗುತ್ತಿದೆ. ಇಲ್ಲಿ ನೆಲೆಸಿರುವ ಕನ್ನಡಿಗ ಕ್ರೈಸ್ತ ಕುಟುಂಬಗಳಿಗೂ ಇದು ಪರರ ಮನೆಯ ಮಾತಲ್ಲ.

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. 2023ರ ಕೇರಳ ವಲಸೆ ಸಮೀಕ್ಷೆಯ ಪ್ರಕಾರ ಓದಿಗಾಗಿ ವಿದೇಶಕ್ಕೆ ತೆರಳಿದವರ ಸಂಖ್ಯೆ ಸುಮಾರು 2.5 ಲಕ್ಷ. 2018ರಲ್ಲಿ ಇದು 1.3 ಲಕ್ಷದಷ್ಟಿತ್ತು. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಹತ್ತು ಹನ್ನೆರಡು ವರ್ಷ ಕಲಿತು, ತಾನೇ ಚಿಕ್ಕ ಮಕ್ಕಳಿಗೆ ಕಲಿಸಬಲ್ಲ ವಯಸ್ಸಿಗೆ ಬಂದವನು ಕೆನಡಾಕ್ಕೋ ಇಂಗ್ಲೆಂಡಿಗೋ ವಿಮಾನ ಹತ್ತುತ್ತಾನೆ. ಮನೆಗೊಂದು ಎರಡು ಮಕ್ಕಳಿರುವ ಕಾಲದಲ್ಲಿ ಒಬ್ಬನನ್ನು ದೇವರ ಸೇವೆಗೆ ಬಿಟ್ಟುಕೊಡಲು ತಂದೆತಾಯಿ ಹಿಂಜರಿಯುವುದೂ ಸಹಜವೇ. ಅವರನ್ನು ದೂರಿ ಪ್ರಯೋಜನವಿಲ್ಲ.

ಆದರೆ ಎಲ್ಲ ತಪ್ಪನ್ನೂ ವಲಸೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಊರಲ್ಲೇ ಉಳಿದ ಯುವಕರಿಗಾದರೂ ಏನು ಕೆಲಸ ಸಿಗುತ್ತಿದೆ? ವಾರ್ಷಿಕ ಹಬ್ಬಕ್ಕೆ ಕುರ್ಚಿ ಹಾಕುವುದು, ಮೈಕ್ ಸೆಟ್ ನೋಡಿಕೊಳ್ಳುವುದು, ಬಡಿಸುವುದು. ವೇದಪಾಠ ಓದಲು, ರೋಗಿಗಳನ್ನು ಕಾಣಲು, ಸಮಿತಿಯಲ್ಲಿ ಮಾತಾಡಲು ಮಾತ್ರ ಹಿರಿಯರೇ ಬೇಕು. ಒಂದು ಸಲ ಹುಡುಗ ತಡವರಿಸಿದರೆ ಮುಂದಿನ ಸಲ ಅವಕಾಶವಿಲ್ಲ. ಆರ್.ಡಿ. ಖಾತೆ ತೆರೆದ ತಿಂಗಳೇ ಮೆಚ್ಯೂರಿಟಿ ಮೊತ್ತ ಕೇಳಿದ ಹಾಗೆ! (ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲೂ ಇದೇ ಕಥೆಯಲ್ಲವೇ ಎಂದು ಓದುಗರು ಕೇಳಿದರೆ ತಪ್ಪಿಲ್ಲ.)

ಕನ್ನಡಿಗರ ಇತಿಹಾಸದಲ್ಲಿಯೇ ಇದಕ್ಕೊಂದು ಉತ್ತಮ ನಿದರ್ಶನವಿದೆ. 1843ರಲ್ಲಿ 'ಮಂಗಳೂರ ಸಮಾಚಾರ' ಆರಂಭಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗ್ ಅವರನ್ನು ಎಲ್ಲರೂ ಬಲ್ಲರು. ಅವರು ಬೆಳೆಸಿದ ಶಿಷ್ಯನನ್ನು ಬಲ್ಲವರು ಕಡಿಮೆ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಅವರಿಗೆ ಇನ್ನೂ 20 ತುಂಬಿರಲಿಲ್ಲ. ಮರುದಿನವೇ ಪೀಠ ಹತ್ತಿಸಿ ಬೋಧನೆ ಮಾಡಿಸಿ ಪ್ರದರ್ಶನಕ್ಕಿಡಲು ಅದು ಸದವಕಾಶವೇ ಆಗಿತ್ತು. ಮೋಗ್ಲಿಂಗ್ ಹಾಗೆ ಮಾಡಲಿಲ್ಲ. 1846ರಲ್ಲಿ ಸ್ವದೇಶಕ್ಕೆ ಹೊರಟಾಗ ಶಿಷ್ಯನನ್ನೂ ಜೊತೆಗೆ ಕರೆದೊಯ್ದರು. ಬಾಸೆಲ್‌ನಲ್ಲಿ ಓದು ಮುಗಿಸಿ 1851ರಲ್ಲಿ ಅಭಿಷಿಕ್ತರಾದ ಬಳಿಕವೇ ಕೌಂಡಿನ್ಯರು ಮಂಗಳೂರಿಗೆ ಮರಳಿದ್ದು. ದೀಕ್ಷಾಸ್ನಾನದಿಂದ ಅಭಿಷೇಕದವರೆಗೆ ಏಳು ವರ್ಷ! ಮುಂದೆ ಅವರು ಬಲ್ಮಠದ ಸೆಮಿನರಿಯಲ್ಲಿ ಗುರುಗಳಾಗಿ ಉಪದೇಶಿಗಳನ್ನು ತರಬೇತುಗೊಳಿಸಿದರು. 1847ರಲ್ಲಿ ಹುಟ್ಟಿದ ಆ ಸೆಮಿನರಿ 1965ರಲ್ಲಿ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೊಂದಿಗೆ ಸೇರಿ ಈಗಿನ ಕರ್ನಾಟಕ ಥಿಯೋಲಾಜಿಕಲ್ ಕಾಲೇಜ್ ಆಯಿತು.

ಕೆಥೋಲಿಕ್ ಸಭೆಯಲ್ಲಿ ಈ ದಾರಿ ಇನ್ನೂ ದೀರ್ಘ. ತತ್ವಶಾಸ್ತ್ರ, ದೇವಶಾಸ್ತ್ರ, ನಡುವೆ ಚರ್ಚುಗಳಲ್ಲಿ ಪ್ರಾಯೋಗಿಕ ಸೇವೆ ಎಂದು ಹತ್ತು ವರ್ಷದ ಸುಮಾರಿಗೆ ಬರುತ್ತದೆ. 2016ರ ವ್ಯಾಟಿಕನ್ ನಿಯಮಾವಳಿಯಂತೆ ಇದಕ್ಕೂ ಮೊದಲು ಪೂರ್ವಸಿದ್ಧತೆಯ ಅವಧಿಯೊಂದು ಕಡ್ಡಾಯ. 2018ರಲ್ಲಿ ಯುವಜನರಿಗಾಗಿಯೇ ಸಿನೋದ್ ನಡೆಯಿತು. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಅವರು ಶ್ರೀಸಾಮಾನ್ಯ ಕ್ರೈಸ್ತರಿಗೂ, ಸ್ತ್ರೀಯರಿಗೂ ಧರ್ಮೋಪದೇಶಕರ ಅಧಿಕೃತ ಸೇವೆಯ ಬಾಗಿಲು ತೆರೆದರು. ಅಂದರೆ ಸೇವೆಗೆ ಪಾದ್ರಿಯೇ ಆಗಬೇಕೆಂದಿಲ್ಲ. ಆದೇಶವೇನೋ ಬಂದಿದೆ, ಭಾನುವಾರ ಮಧ್ಯಾಹ್ನ ಒಬ್ಬ ಹುಡುಗಿಯ ಪಕ್ಕ ಕುಳಿತು ಪಾಠ ಹೇಳುವುದು ಹೇಗೆಂದು ಕಲಿಸಬೇಕಾದವರು ಆಯಾ ಚರ್ಚಿನ ಹಿರಿಯರೇ.

ದೇವಸ್ಥಾನಗಳ ಕಡೆಗೂ ಕಣ್ಣು ಹಾಯಿಸಬಹುದು. ಶ್ರೀ ಪದ್ಮನಾಭಸ್ವಾಮಿ ದೇವಸ್ಥಾನದ ನಂಬಿಗಳು ಚಂದ್ರಗಿರಿ ನದಿಯ ಇಕ್ಕೆಲದಿಂದ ಬರುವವರೆಂಬುದು ಇಲ್ಲಿನ ಕನ್ನಡಿಗರಿಗೆ ಅಭಿಮಾನದ ಸಂಗತಿ. ಅರ್ಚಕ ಹುದ್ದೆಗೆ ಜಾತಿಯಲ್ಲ, ತರಬೇತಿ ಮುಖ್ಯವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿಯ ಪ್ರಕರಣದಲ್ಲಿ ಹೇಳಿತು. 2025ರ ಅಕ್ಟೋಬರ್‌ನಲ್ಲಿ ಕೇರಳ ಹೈಕೋರ್ಟ್ ಸಹ ಜಾತಿ, ವಂಶ ಅನಿವಾರ್ಯವಲ್ಲ ಎಂದಿತು. ಯಾರು ಬರಬಹುದೆಂಬುದನ್ನು ನ್ಯಾಯಾಲಯ ತೀರ್ಮಾನಿಸಬಲ್ಲದು. ಬಂದವನಿಗೆ ಕೈಹಿಡಿದು ಕಲಿಸುವ ಗುರುವನ್ನು ಕೋರ್ಟು ಆದೇಶಿಸಿ ತರಿಸಲಾಗದು. ಈ ವಿಷಯದಲ್ಲಿ ಗುಡಿಗೂ ಇಗರ್ಜಿಗೂ ಕಷ್ಟ ಒಂದೇ.

ಇನ್ನು ಭಾಷೆಯ ಪ್ರಶ್ನೆ. ಕಾಸರಗೋಡಿನ ಲ್ಯಾಟಿನ್ ಕೆಥೋಲಿಕ್ ಧರ್ಮಕೇಂದ್ರಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದರಿಂದ ಅಲ್ಲಿನ ಮಕ್ಕಳಿಗೆ ಕೊಂಕಣಿ, ಕನ್ನಡದ ನಂಟು ಉಳಿದಿದೆ. ಕೊಚ್ಚಿ, ತಿರುವನಂತಪುರದಲ್ಲಿ ಬೆಳೆದ ನಮ್ಮ ಮಕ್ಕಳು ಪ್ರಾರ್ಥನೆ ಕಲಿಯುವುದು ಮಲಯಾಳ ಇಲ್ಲವೇ ಇಂಗ್ಲಿಷ್‌ನಲ್ಲಿ. ಅದರಲ್ಲಿ ದೋಷವಿಲ್ಲ. ಕರ್ನಾಟಕಕ್ಕೆ ವಲಸೆ ಹೋದ ಮಲಯಾಳಿ ಕ್ರೈಸ್ತರಿಗಾಗಿ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅಲ್ಲಿನ ಗುರುಗಳೂ ಕನ್ನಡದೊಂದಿಗೆ ಹೊಂದಿಕೊಳ್ಳಬೇಕಾಯಿತಷ್ಟೆ.

ಆದರೆ ಉಳ್ಳೂರಿನ ಪರಿಸ್ಥಿತಿ ಸ್ವಲ್ಪ ಬೇರೆ. ಮೆಡಿಕಲ್ ಕಾಲೇಜು, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ, ಶ್ರೀ ಚಿತ್ರಾ ಮೂರೂ ಇಲ್ಲಿಗೆ ಸಮೀಪ. ಗಡಿನಾಡಿನವರು ಹೆಚ್ಚಾಗಿ ನೆಚ್ಚಿರುವುದು ಮಂಗಳೂರನ್ನು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅವರು ಪಟ್ಟ ಪಾಡು ಮರೆಯುವಂತಹುದಲ್ಲ. ದೊಡ್ಡ ಕಾಯಿಲೆಗೆ ಇಷ್ಟು ದೂರ ಬರುವವರೂ ಇದ್ದಾರೆ. ಅವರಲ್ಲಿ ಕನ್ನಡ, ತುಳು ಬಿಟ್ಟು ಬೇರೆ ಮಾತು ಒಗ್ಗದ ವಯಸ್ಸಾದವರಿಗೆ ಔಷಧಿ ಚೀಟಿ ಓದಿ ಹೇಳಲು, ಬಯಸಿದವರಿಗೆ ಎರಡು ಮಾತು ಪ್ರಾರ್ಥಿಸಲು ಪಾದ್ರಿಯೇ ಬರಬೇಕೆಂದಿಲ್ಲ. ಕಾಲೇಜು ಓದುವ ಹುಡುಗ ಹುಡುಗಿಯರು ಸಾಕು. ಮೊದಲ ಆರು ತಿಂಗಳು ಅವರೊಂದಿಗೆ ವಾರ್ಡಿಗೆ ಹೋಗಿ, ಬಾಗಿಲ ಬಳಿ ನಿಂತು, ಅವರು ತಪ್ಪು ಮಾತಾಡಿದಾಗ ಅಲ್ಲೇ ತಿದ್ದದೆ ಹಿಂತಿರುಗುವ ಬಸ್ಸಿನಲ್ಲಿ ಹೇಳುವ ಹಿರಿಯರೊಬ್ಬರು ಬೇಕು. ನಿವೃತ್ತರಾಗಿ ಇಲ್ಲೇ ಮನೆ ಮಾಡಿಕೊಂಡಿರುವ ಕನ್ನಡಿಗರಲ್ಲಿ ಅಂತಹವರು ಇಲ್ಲದೆ ಇಲ್ಲ.