ಮತ ಹಿಡಿದು ಮತ ಕೇಳುವವರು

ಕನ್ನಡದಲ್ಲಿ ‘ಮತ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮನುಷ್ಯನು ನಂಬಿ ನಡೆಯುವ ಧರ್ಮಮಾರ್ಗ ಒಂದು. ತನ್ನನ್ನು ಆಳುವವರನ್ನು ಆರಿಸಲು ಅವನು ಚಲಾಯಿಸುವ ಹಕ್ಕು ಇನ್ನೊಂದು. ಒಂದಕ್ಕೆ ಗುರುವೇ ಸಾಕ್ಷಿ, ಮತ್ತೊಂದಕ್ಕೆ ಮತಗಟ್ಟೆಯ ಮರೆಯಲ್ಲಿ ನಿಂತ ಅವನ ಆತ್ಮಸಾಕ್ಷಿ. ಚುನಾವಣೆ ಸಮೀಪಿಸಿದಾಗಲೆಲ್ಲ ಈ ಎರಡನ್ನೂ ಬೆರೆಸಿ ಒಂದೇ ಮಾಡುವ ಪ್ರಯತ್ನ ನಡೆಯುತ್ತದೆ. ಶರಣರ ವಚನಗಳನ್ನು ನಿತ್ಯ ಪಾರಾಯಣ ಮಾಡುವ ಭಕ್ತರು ಈ ಬೆರಕೆಯ ಬಗ್ಗೆ ಎಚ್ಚರದಿಂದಿರುವುದು ಅವಶ್ಯಕ.

ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೇ ನೋಡಬಹುದು. ಶ್ರೀರಂಗಪಟ್ಟಣದ ಒಂದೇ ಕೋಟೆಯೊಳಗೆ ಶ್ರೀರಂಗನಾಥನ ಗುಡಿಯೂ ಇದೆ, ಜಾಮಿಯಾ ಮಸೀದಿಯೂ ಇದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ರಾಮಾನುಜಾಚಾರ್ಯರು ನೆಲೆಸಿದ್ದ ಕ್ಷೇತ್ರ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನಾಥ ಪರಂಪರೆಯ ಪೀಠ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ಸಂಗಮವಿದೆ. ಇಂಥ ಪುಣ್ಯಭೂಮಿಯಲ್ಲಿ ಮತ ಕೇಳಲು ಬರುವವರಿಗೆ ಕೈಮುಗಿಯಲು ಬಾಗಿಲುಗಳ ಕೊರತೆ ಎಂದೂ ಆಗಿಲ್ಲ.

2023ರ ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ ನಡೆದುದನ್ನು ಈ ಭಾಗದ ಜನ ಮರೆತಿಲ್ಲ. ಆ ವರ್ಷದ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಗೆ ಪ್ರಧಾನಿಯವರು ಮಂಡ್ಯಕ್ಕೆ ಬಂದರು. ಅವರ ಸ್ವಾಗತಕ್ಕೆಂದು ನಿಲ್ಲಿಸಿದ ಕಮಾನಿನ ಮೇಲೆ ಉರಿಗೌಡ, ದೊಡ್ಡ ನಂಜೇಗೌಡ ಎಂಬ ಹೆಸರುಗಳು ಕಾಣಿಸಿಕೊಂಡವು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪುವನ್ನು ಕೊಂದವರು ಆಂಗ್ಲರ ಸೈನಿಕರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಎಂಬುದು ಪ್ರಚಾರ. ವಿವಾದವೆದ್ದಾಗ ಆ ಹೆಸರುಗಳನ್ನು ಮರೆಮಾಡಿ, ಲಿಂಗೈಕ್ಯ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರನ್ನು ಹಾಕಲಾಯಿತು. ಒಂದು ಹೆಸರು ಒದಗದಿದ್ದರೆ ಇನ್ನೊಂದು! ಪೂಜ್ಯರ ಹೆಸರೂ ಕಮಾನಿನ ಬಟ್ಟೆಯಂತೆ ಬದಲಿಸುವ ವಸ್ತುವಾಯಿತೆಂಬುದೇ ಭಕ್ತರು ನೊಂದುಕೊಳ್ಳಬೇಕಾದ ಸಂಗತಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಂದಿನ ಸಚಿವರೊಬ್ಬರು ಈ ಇಬ್ಬರ ಮೇಲೆ ಚಲನಚಿತ್ರ ಮಾಡುವುದಾಗಿ ಸಾರಿದರು. ಆಗ ಆದಿಚುಂಚನಗಿರಿಯ ಶ್ರೀ ನಿರ್ಮಲಾನಂದನಾಥ ಸ್ವಾಮೀಜಿಯವರು ಅವರನ್ನು ಕರೆಸಿ, ಶಾಸನ, ದಾಖಲೆಗಳ ಆಧಾರವಿಲ್ಲದೆ ಇಂಥದನ್ನು ಹಬ್ಬಿಸಿ ಸಮಾಜದಲ್ಲಿ ಗೊಂದಲ ಮೂಡಿಸಬಾರದೆಂದು ತಿಳಿಹೇಳಿದರು. ಸಚಿವರು ಚಿತ್ರವನ್ನು ಕೈಬಿಟ್ಟರು. ತಮ್ಮ ಸಮುದಾಯವನ್ನು ಹೊಗಳುವ ಕಥೆಯನ್ನೇ ಸತ್ಯದ ಕಾರಣಕ್ಕೆ ಬೇಡವೆನ್ನುವುದು ಸುಲಭದ ಮಾತಲ್ಲ. ಪರಂಪರೆ ಬೇರೆಯಾದರೂ, ಗುರುಪೀಠವೊಂದು ಚುನಾವಣೆಯ ಕಾಲದಲ್ಲಿ ಮಾಡಬೇಕಾದ ಕೆಲಸಕ್ಕೆ ಇದು ಮಾದರಿ.

ಇದು ಒಂದೇ ಪಕ್ಷದ ದೋಷವೆಂದು ತಿಳಿಯುವುದು ತಪ್ಪು. ಅದೇ ಚುನಾವಣೆಯಲ್ಲಿ ಒಂದು ಪಕ್ಷ ಬಜರಂಗಬಲಿಯ ಜಯಘೋಷ ಕೂಗಿಸಿ ಮತ ಕೇಳಿದರೆ, ಇನ್ನೊಂದು ಪಕ್ಷದ ರಾಜ್ಯಾಧ್ಯಕ್ಷರು ಆಂಜನೇಯ ಗುಡಿಗಳ ಅಭಿವೃದ್ಧಿಯ ಭರವಸೆ ಕೊಟ್ಟರು. ಜಾತ್ಯತೀತವೆಂಬ ಪದವನ್ನು ಹೆಸರಿನಲ್ಲೇ ಇಟ್ಟುಕೊಂಡ ಪಕ್ಷದವರೂ ಮಠಗಳ ಮೆಟ್ಟಿಲು ಹತ್ತುವುದನ್ನು ಬಿಟ್ಟಿಲ್ಲ.

ಪರರ ಮನೆಯ ಕಸವನ್ನು ಎಣಿಸುವ ಮುನ್ನ ಲಿಂಗಾಯತ ಸಮಾಜವು ತನ್ನ ಅಂಗಳವನ್ನೂ ನೋಡಿಕೊಳ್ಳಬೇಕು. ಲಿಂಗಾಯತಕ್ಕೆ ಧಾರ್ಮಿಕ ಅಲ್ಪಸಂಖ್ಯಾತ ಮಾನ್ಯತೆ ನೀಡುವ ಶಿಫಾರಸನ್ನು ರಾಜ್ಯ ಸಚಿವ ಸಂಪುಟ ಒಪ್ಪಿದ್ದು 2018ರ ಮಾರ್ಚ್ 19ರಂದು. ಮತದಾನ ನಡೆದದ್ದು ಮೇ 12ರಂದು. ಬೇಡಿಕೆಯ ಸರಿ ತಪ್ಪು ಬೇರೆ ವಿಚಾರ. ಅನುಭವಗೋಷ್ಠಿಯಲ್ಲಿ ಕುಳಿತು ಶಾಂತವಾಗಿ ಚಿಂತಿಸಬೇಕಾಗಿದ್ದ ಪ್ರಶ್ನೆ ಎರಡು ತಿಂಗಳೊಳಗೆ ಮತಗಳ ಲೆಕ್ಕಾಚಾರವಾಯಿತು. ಮಠ ಮಠಗಳ ನಡುವೆ, ಭಕ್ತ ಭಕ್ತರ ನಡುವೆ ಗೋಡೆ ಎದ್ದಿತು. ಚುನಾವಣೆ ಮುಗಿದ ಮೇಲೆ ರಾಜಕಾರಣಿಗಳು ಬೇರೆ ವಿಷಯ ಹುಡುಕಿಕೊಂಡರು. ಗೋಡೆ ಮಾತ್ರ ಇವರ ಪಾಲಿಗೆ ಉಳಿಯಿತು.

ಆಯ್ದಕ್ಕಿ ಮಾರಯ್ಯನವರ ಕಾಯಕ ನೆಲದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಾದುದನ್ನು ಮರಳಿ ಅಲ್ಲಿಯೇ ಚೆಲ್ಲಿ ಬರಲು ಕಳಿಸಿದರು. ಅಗತ್ಯಕ್ಕೆ ಮೀರಿದ್ದು ಆಸೆಯ ರೂಪದಲ್ಲಿ ಮನೆ ಹೊಗುತ್ತದೆಂದು ಆ ತಾಯಿ ಬಲ್ಲವರಾಗಿದ್ದರು. ಚುನಾವಣೆಯ ವರ್ಷದಲ್ಲಿ ಮಠದ ಬಾಗಿಲಿಗೆ ಬರುವ ಸಮುದಾಯ ಭವನದ ಭರವಸೆ, ವಿಶೇಷ ಅನುದಾನ, ವೇದಿಕೆಯ ಮೇಲಿನ ದೀರ್ಘದಂಡ ನಮಸ್ಕಾರ, ಇವೆಲ್ಲ ಅಂಥ ಹೆಚ್ಚಿನ ಅಕ್ಕಿಯೇ. ಅದನ್ನು ಹಿಂದಕ್ಕೆ ಕಳಿಸುವ ಲಕ್ಕಮ್ಮನವರು ಇಂದು ಎಷ್ಟು ಮಠಗಳಲ್ಲಿದ್ದಾರೆ?

ಶರಣರಿಗೆ ರಾಜಕಾರಣ ಮೈಲಿಗೆಯಾಗಿರಲಿಲ್ಲ. ಬಸವಣ್ಣನವರೇ ಬಿಜ್ಜಳನ ಭಂಡಾರಿಯಾಗಿ ರಾಜ್ಯದ ಬೊಕ್ಕಸದ ಹೊಣೆ ಹೊತ್ತಿದ್ದರು. ಆದರೆ ಭಕ್ತಿಯನ್ನು ತೋರಿಸಿ ಅವರು ಪದವಿ ಪಡೆಯಲಿಲ್ಲ. ಪದವಿಗಾಗಿ ಭಕ್ತಿಯ ನಿಷ್ಠುರವನ್ನು ಸಡಿಲಿಸಲೂ ಇಲ್ಲ. ಕೊನೆಗೆ ಬಿಟ್ಟು ನಡೆದದ್ದು ಕಲ್ಯಾಣದ ಅಧಿಕಾರವನ್ನು, ತತ್ತ್ವವನ್ನಲ್ಲ.

ನೆಲದ ಕಾನೂನೂ ಇದನ್ನೇ ಬಯಸುತ್ತದೆ. ಧರ್ಮ, ಜಾತಿಗಳ ಹೆಸರಿನಲ್ಲಿ ಮತ ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮವನ್ನು ಎತ್ತಿ ಕೇಳುವುದೂ ಇದರಲ್ಲಿ ಸೇರುತ್ತದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದಿಂದ ತೀರ್ಪು ನೀಡಿತು. ಆದರೆ ಅರ್ಜಿ, ವಿಚಾರಣೆಗಳು ಮುಗಿಯುವ ಹೊತ್ತಿಗೆ ಅವಧಿಯೇ ಮುಗಿದಿರುತ್ತದೆ. ಆದ್ದರಿಂದ ಮೊದಲ ತೀರ್ಪು ಮತದಾರನ ಮನಸ್ಸಿನಲ್ಲೇ ಆಗಬೇಕು.

2023ರ ಮೇ 13ರಂದು ಫಲಿತಾಂಶ ಬಂದಾಗ ಶ್ರೀರಂಗಪಟ್ಟಣ, ನಾಗಮಂಗಲಗಳಲ್ಲಿ ಕಾಂಗ್ರೆಸ್, ಕೆ.ಆರ್. ಪೇಟೆಯಲ್ಲಿ ಜಾತ್ಯತೀತ ಜನತಾದಳ, ಪಾಂಡವಪುರವನ್ನೊಳಗೊಂಡ ಮೇಲುಕೋಟೆಯಲ್ಲಿ ರೈತ ಚಳವಳಿಯ ಸರ್ವೋದಯ ಕರ್ನಾಟಕ ಪಕ್ಷ ಗೆದ್ದವು. ಸೋಲು ಗೆಲುವಿಗೆ ಕಾರಣಗಳು ಹಲವು. ಆದರೂ ಎರಡು ಶತಮಾನಗಳ ಹಿಂದಿನ ಕತ್ತಿಯ ಕಥೆಗಿಂತ ಕಬ್ಬಿನ ಬೆಲೆ, ನಾಲೆಯ ನೀರು ಇಲ್ಲಿನ ರೈತನಿಗೆ ಹತ್ತಿರದವು ಎಂಬುದರಲ್ಲಿ ಅನುಮಾನವಿಲ್ಲ.

ಮಠಕ್ಕೆ ಬಂದ ಅಭ್ಯರ್ಥಿಗೆ ಪ್ರಸಾದ ನೀಡುವುದು ದಾಸೋಹ ಧರ್ಮ. ಅವನು ಯಾವ ಪಕ್ಷದವನಾದರೂ ಪಂಕ್ತಿಯಲ್ಲಿ ಎಲ್ಲರೊಡನೆ ಕುಳಿತು ಉಣ್ಣಲಿ. ಭಕ್ತರ ಮತವನ್ನು ಮಾತ್ರ ಆ ಎಲೆಗೆ ಬಡಿಸುವ ಅಧಿಕಾರ ಯಾವ ಪೀಠಕ್ಕೂ ಇಲ್ಲ. ಭಕ್ತನು ಗುರುವಿಗೆ ಒಪ್ಪಿಸಿದ್ದು ತನುಮನಧನಗಳನ್ನು. ವಿವೇಕವನ್ನು ಗುರು ಅವನಿಗೇ ಮರಳಿ ಕೊಟ್ಟಿದ್ದಾನೆ. ಹಣೆಯ ಮೇಲೆ ವಿಭೂತಿ ಧರಿಸಿ ಮನೆಬಾಗಿಲಿಗೆ ಬಂದವನನ್ನು ಶರಣು ಎಂದು ಬರಮಾಡಿಕೊಂಡು, ನಾಲೆಯ ಕೊನೆಯ ಗದ್ದೆಗೆ ನೀರು ಬಂದಿತೇ ಎಂದು ಕೇಳುವುದೇ ಆ ವಿವೇಕ.